ತಮ್ಮನಿಗೆ ಕೊಟ್ಟ ಒಂದನೇ ನಂಬರ್

ಕಲ್ಲಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸ್ಟೋರಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಪಾಲಿಶ್ ಕೆಲಸದವನೂ ಹಾಗೇ ಕರೆಯುತ್ತಿದ್ದ, ಯಜಮಾನರೂ ಹಾಗೇ ಕರೆಯುತ್ತಿದ್ದರು. ಅವಳನ್ನು ಅಕ್ಕ ಎನ್ನುವ ನಿಜವಾದ ಹಕ್ಕಿದ್ದವನು ಒಬ್ಬನೇ, ಅವಳ ತಮ್ಮ. ಅವನು ಅಲ್ಲೇ ಕತ್ತರಿಸುವ ಮಷೀನಿನ ಮೇಲಿದ್ದ. ಅವನೂ ಅವನ ಹೆಂಡತಿಯೂ ನಮ್ಮ ಕಟ್ಟಡದಲ್ಲಿ ಎರಡನೇ ಮಹಡಿಯಲ್ಲಿದ್ದಾರೆ. ನಾನು ಕೆಳಗಿನ ಮನೆಯವಳು. ಸ್ಟೋರಕ್ಕ ಇದನ್ನೆಲ್ಲ ಹೇಳಿದ್ದು ನನ್ನ ಅಡುಗೆಮನೆಯಲ್ಲಿ, ಒಂದೇ ಸಲಕ್ಕಲ್ಲ, ತುಂಡು ತುಂಡಾಗಿ. ನಾನು ತುಂಡುಗಳನ್ನು ಜೋಡಿಸಿದ್ದೇನೆ ಅಷ್ಟೆ.

ತಾಯಿ ತೀರಿಕೊಂಡಾಗ ಅವಳಿಗೆ ಹದಿನಾರು, ತಮ್ಮನಿಗೆ ಆರು. ತಂದೆ ಅದಕ್ಕೂ ಮೊದಲೇ ಇರಲಿಲ್ಲ. ಶಾಲೆ ಬಿಟ್ಟಳು, ಅವರಿವರ ಮನೆಯ ಬಟ್ಟೆ ಇಸ್ತ್ರಿ ಮಾಡಿದಳು, ಆಮೇಲೆ ಕಾರ್ಖಾನೆಯ ಸ್ಟೋರು ಸೇರಿದಳು. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ಹುಡುಗನ ಕಡೆಯವರು, "ತಮ್ಮನೂ ಜೊತೆಗೇ ಬರ್ತಾನಾ?" ಎಂದು ಕೇಳಿದರು. ಅವಳು ಹೌದು ಅಂದಳು. ಅವರು ಎದ್ದು ಹೋದರು. ಇದನ್ನು ಅವಳು ದೊಡ್ಡ ತ್ಯಾಗ ಎಂಬಂತೆ ಎಂದೂ ಹೇಳಿಕೊಂಡಿದ್ದಿಲ್ಲ. "ಒಂದು ತಟ್ಟೆಯಲ್ಲಿ ಇಬ್ಬರು ತಿಂದವರು, ಅವನನ್ನ ಎಲ್ಲಿ ಬಿಡ್ಲಿ?" ಎಂದಳು, ಅಷ್ಟೆ.

ಕಾರ್ಖಾನೆ ದೊಡ್ಡದೇನಲ್ಲ. ಎತ್ತರದ ತಗಡಿನ ಚಾವಣಿ, ಅದರ ಕೆಳಗೆ ಹನ್ನೊಂದು ಜನ. ಅಡುಗೆಮನೆಯ ಕಟ್ಟೆಗೆ ಕೂರಿಸುವ ಹೊಳೆಯುವ ಕಲ್ಲು ಅಲ್ಲಿ ತಯಾರಾಗುತ್ತದೆ. ಬಾಗಿಲಿನಷ್ಟು ದೊಡ್ಡ ಚಪ್ಪಡಿಗಳು ಲಾರಿಯಲ್ಲಿ ಬರುತ್ತವೆ. ಅಳತೆಗೆ ಕತ್ತರಿಸಿ, ಸಿಂಕಿಗೆ ಜಾಗ ಕೊರೆದು, ಅಂಚು ಉಜ್ಜಿ, ಪಾಲಿಶ್ ಮಾಡಿ ಕಳಿಸುತ್ತಾರೆ. ಬ್ಲೇಡು ಕಲ್ಲಿಗೆ ತಾಗಿದ ಕೂಡಲೇ ಧೂಳು ಏಳುತ್ತದೆ. ಹಿಟ್ಟಿಗಿಂತ ನುಣುಪು ಧೂಳು, ಬೆಳಕಿನ ಕೋಲಿನಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಬ್ಲೇಡಿಗೆ ನೀರಿನ ಪೈಪು ಇತ್ತು. ನೀರು ಬಿಟ್ಟರೆ ಧೂಳು ಏಳುವುದಿಲ್ಲ, ಆದರೆ ನೆಲವೆಲ್ಲ ಕೆಸರು, ಎತ್ತಿ ಹಾಕಲು ಅರ್ಧ ದಿನ. ಹಾಗಾಗಿ ಉದ್ದ ಕತ್ತರಿಸುವಾಗ ಮಾತ್ರ ನೀರು. ಅಂಚಿನ ಕೆಲಸ, ಕೊರೆಯುವ ಕೆಲಸ ಎಲ್ಲ ಒಣದಾಗಿಯೇ ಎಂಬ ರೂಢಿ ಬಿದ್ದಿತ್ತು. ರೂಢಿ ಹಾಕಿದ್ದು ಯಜಮಾನರು, ಪಾಲಿಸಿದ್ದು ಎಲ್ಲರೂ.

ಲಾರಿ ಬಂದ ದಿನ ಚಪ್ಪಡಿಗಳಿಗೆ ನಂಬರು ಹಾಕುವುದು ಸ್ಟೋರಕ್ಕನ ಕೆಲಸ. ಸೀಮೆಸುಣ್ಣ ಹಿಡಿದು ಒಂದೊಂದರ ಮುಂದೆ ನಿಲ್ಲುವಳು, ಬೆರಳಿನ ಗೆಣ್ಣಿನಿಂದ ತಟ್ಟುವಳು, ಕಿವಿ ಕೊಟ್ಟು ಕೇಳುವಳು. ಗಂಟೆಯ ಹಾಗೆ ಸದ್ದು ಬಂದರೆ ಒಂದು. ಮೂಲೆ ಮುಕ್ಕಾಗಿದ್ದರೆ, ಬಣ್ಣ ಮಾಸಿದ್ದರೆ ಎರಡು. ಒಳಗೆ ಸೀಳಿದ್ದರೆ ಸದ್ದು ಮಂಕು, ಅದು ಮೂರು. ಹೊಸಲಿಗೋ ಬಚ್ಚಲ ಪಟ್ಟಿಗೋ ತುಂಡು ಮಾಡಿ ಮಾರುವುದು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದ್ದಳು. ಅವಳು ಒಂದು ಎಂದು ಬರೆದ ಕಲ್ಲು ಒಡೆದು ವಾಪಸು ಬಂದದ್ದಿಲ್ಲ. ಅಂಗಳದ ಮಾತೇ ಆ ನಂಬರಿಗೆ ಒಗ್ಗಿಹೋಗಿತ್ತು. ಚಹಾ ಚೆನ್ನಾಗಿದ್ದರೆ ಒಂದನೇ ನಂಬರ್. ಯಾರದೋ ಅಳಿಯ ಕುಡಿದು ಬಿದ್ದರೆ ಮೂರನೇ ನಂಬರ್ ಅಳಿಯ.

ಪಾಲಿಶ್‌ನವನಿಗೆ ವಟವಟ ಎಂದು ಅಡ್ಡಹೆಸರು. ಮಷೀನಿನ ಸದ್ದಿನಲ್ಲೂ ಅವನ ಮಾತು ನಿಲ್ಲುತ್ತಿರಲಿಲ್ಲ. ಕೇಳುವವರಿಲ್ಲದಿದ್ದರೆ ಕಲ್ಲಿಗೇ ಹೇಳುತ್ತಿದ್ದ.

ಆರು ವರ್ಷದ ಹಿಂದೆ, ಧೂಳಿನ ಕೆಲಸದವರಿಗೆಲ್ಲ ಮಾಸ್ಕ್ ಕೊಡಲೇಬೇಕು ಎಂದು ಸರ್ಕಾರದ ಕಾಗದ ಬಂತು. ಅಲ್ಲಿಯವರೆಗೆ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟುತ್ತಿದ್ದರು. ಯಜಮಾನರು ಎಲ್ಲೋ ಬಾಗಿಲು ಮುಚ್ಚಿದ ಅಂಗಡಿಯ ದಾಸ್ತಾನನ್ನು ಒಟ್ಟಿಗೆ ಎತ್ತಿ ತಂದು ಸ್ಟೋರಿಗೆ ಹಾಕಿಸಿದರು. ಬಿಳಿ ಮಾಸ್ಕುಗಳು, ಒಂದು ದಿನ ಹಾಕಿ ಎಸೆಯುವಂಥವು. ಡಬ್ಬಿಗಳ ಮೇಲೆ ದೊಡ್ಡದಾಗಿ ನಂಬರು: ಕೆಲವುಗಳ ಮೇಲೆ ಒಂದು, ಕೆಲವುಗಳ ಮೇಲೆ ಎರಡು, ಕೆಲವುಗಳ ಮೇಲೆ ಮೂರು.

"ಇದೇನು ಯಜಮಾನ್ರೇ, ಮೂರು ಥರ?"

"ಮಾಸ್ಕ್ ಅಂದ್ರೆ ಮಾಸ್ಕು. ಹಂಚು ಹೋಗು. ನಂಬರ್ ಹಾಕೋಳು ನೀನು, ನನ್ನ ಕೇಳ್ತೀಯಲ್ಲ."

ಡಬ್ಬಿಯೊಳಗೆ ಮಡಿಸಿಟ್ಟ ಕಾಗದವೊಂದಿತ್ತು. ಬಿಡಿಸಿದರೆ ಮೇಜಿನಷ್ಟು ಅಗಲ, ಇರುವೆಯಂಥ ಅಕ್ಷರ, ಹತ್ತಾರು ಭಾಷೆ. ಅವಳು ಓದಬಲ್ಲ ಭಾಷೆ ಅದರಲ್ಲಿರಲಿಲ್ಲ.

ಸ್ಟೋರಕ್ಕ ಮೂರನ್ನೂ ಮುಖಕ್ಕೆ ಹಾಕಿ ನೋಡಿದಳು. ಒಂದನೆಯದು ಹಗುರ, ಮೆತ್ತಗೆ, ಹಾಕಿದ್ದೇ ಗೊತ್ತಾಗುವುದಿಲ್ಲ, ಉಸಿರು ಸಲೀಸು. ಎರಡನೆಯದು ಸ್ವಲ್ಪ ಬಿಗಿ. ಮೂರನೆಯದು ದಪ್ಪ, ಪಟ್ಟಿ ಕತ್ತು ಹಿಡಿಯುತ್ತದೆ, ಉಸಿರನ್ನು ಎಳೆದು ತೆಗೆದುಕೊಳ್ಳಬೇಕು, ಐದು ನಿಮಿಷಕ್ಕೆ ಮೂಗಿನ ಮೇಲೆ ಬೆವರು. ಅವಳಿಗೆ ಇನ್ನೇನೂ ಕೇಳಬೇಕೆನಿಸಲಿಲ್ಲ. ಹದಿನಾಲ್ಕು ವರ್ಷ ಅವಳ ಕೈ ಬರೆದದ್ದನ್ನೇ ಡಬ್ಬಿಯೂ ಹೇಳುತ್ತಿತ್ತು.

ಹಂಚಿಕೆಯಲ್ಲಿ ಅವಳು ಲೆಕ್ಕ ತಪ್ಪಲಿಲ್ಲ ಎಂದೇ ಅವಳ ನಂಬಿಕೆ. ಎಲ್ಲರಿಗಿಂತ ಹೆಚ್ಚು ಧೂಳು ಕುಡಿಯುವವನು ಕತ್ತರಿಸುವವನು. ಹಾಗಾಗಿ ಒಂದನೇ ನಂಬರ್ ಅವನಿಗೆ. ಅವನು ತನ್ನ ತಮ್ಮನಾಗಿದ್ದು ದೇವರ ದಯೆ ಎಂದುಕೊಂಡಳು. ಎರಡನೆಯದು ಅಂಚಿನ ಕೆಲಸದವರಿಗೆ. ಮೂರನೆಯದು ಲಾರಿಗೆ ಹೊರುವವರಿಗೆ, ಕಸ ಗುಡಿಸುವ ಮುದುಕಿಗೆ. "ನನಗೆ ಯಾವ್ದಾದ್ರೂ ಆಯ್ತು ತಾಯಿ, ಬಾಯಿ ಮುಚ್ಚಿದ್ರೆ ಸಾಕು," ಎಂದು ಮುದುಕಿ ತೆಗೆದುಕೊಂಡು ಹೋದಳು.

ವಟವಟನಿಗೆ ಎರಡನೆಯದು ಸಿಗಬೇಕಿತ್ತು. ಆದರೆ ಅವನು ಸ್ಟೋರಿನ ಕಿಟಕಿಗೆ ಮೊಣಕೈ ಊರಿ, ಸರದಿಯಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, "ತಕ್ಕಡಿ ಯಾರ ಕೈಲಿದ್ರೂ ಅಷ್ಟೇ, ರಕ್ತದ ಕಡೆಗೇ ವಾಲೋದು. ಗಂಡನಿಗೆ ಬಡಿಸೋ ಯೋಗ ಇಲ್ಲ, ಇರೋದನ್ನೆಲ್ಲ ತಮ್ಮನಿಗೆ ಬಡಿಸ್ತಾಳೆ," ಎಂದ.

ಸರದಿಯಲ್ಲಿ ಯಾರೋ ನಕ್ಕರು. ಸ್ಟೋರಕ್ಕ ಎರಡರ ಡಬ್ಬಿಗೆ ಹೋಗಿದ್ದ ಕೈಯನ್ನು ಹಿಂದಕ್ಕೆಳೆದು ಮೂರರ ಡಬ್ಬಿಗೆ ಹಾಕಿದಳು.

"ಏಯ್, ಇದು ಕತ್ತೆಗೆ ಕಟ್ಟೋ ಚೀಲ! ಉಸಿರು ಕಟ್ಟಿ ಸಾಯ್ತೀನಿ ನಾನು."

"ಸತ್ರೆ ಮಾತಾದ್ರೂ ನಿಲ್ಲುತ್ತೆ. ತಗೊಂಡು ಹೋಗು."

ಅಂದಿನಿಂದ ವಟವಟನಿಗೆ ಮೂರನೆಯದೇ ಗಟ್ಟಿ. ಅವನು ಬೈದುಕೊಂಡೇ ಹಾಕಿದ. ಬೇರೆ ಗತಿಯಿರಲಿಲ್ಲ, ಕಿಟಕಿಯ ಒಳಗಿದ್ದವಳು ಅವಳು.

ತಂದ ದಾಸ್ತಾನು ಎರಡು ವರ್ಷಕ್ಕೆ ಮುಗಿಯುತ್ತ ಬಂತು. ಮೊದಲು ಖಾಲಿಯಾದದ್ದು ಒಂದನೆಯದು. ಯಜಮಾನರು ಹೊಸ ಅಂಗಡಿಯ ದರಪಟ್ಟಿ ಹಿಡಿದು ಸ್ಟೋರಿಗೆ ಬಂದ ದಿನ, ವಟವಟ ಕೈಗವಸಿಗೆಂದು ಕಿಟಕಿಯಲ್ಲಿ ನಿಂತಿದ್ದ.

"ಕತ್ತರಿಸೋರಿಗೆ ಒಂದನೇ ನಂಬರೇ ತರಿಸಿ ಯಜಮಾನ್ರೇ," ಎಂದಳು ಸ್ಟೋರಕ್ಕ. "ಅದರಲ್ಲಿ ಮಾತ್ರ ಕಡಿಮೆ ಮಾಡ್ಬೇಡಿ. ಕೈ ಮುಗೀತೀನಿ."

ಯಜಮಾನರು ಪಟ್ಟಿಯ ಮೇಲೆ ಬೆರಳಿಟ್ಟು ಓದಿದರು. ಅವಳ ಮುಖ ನೋಡಿದರು. ಮತ್ತೆ ಪಟ್ಟಿ ನೋಡಿದರು.

"ಒಂದೇನಾ? ಖಂಡಿತಾನಾ?"

"ಒಂದೇ."

ಅವರು ನಕ್ಕರು. "ನಿನ್ನಂಥ ಸ್ಟೋರಿನವಳು ಸಿಗೋಕೆ ನಾನು ಪುಣ್ಯ ಮಾಡಿದ್ದೆ ಬಿಡು."

ವಟವಟ ಕತ್ತು ಉದ್ದ ಮಾಡಿ ಪಟ್ಟಿ ಇಣುಕಿದ. "ಅಲ್ಲಾ ಯಜಮಾನ್ರೇ, ಈ ದರಿದ್ರ ಮೂರನೇದಕ್ಕೆ ಯಾಕೆ ಮೂರು ಪಟ್ಟು ರೇಟು ಹಾಕಿದಾರೆ?"

"ಬಟ್ಟೆ ದಪ್ಪ, ಅದಕ್ಕೆ. ನಿನ್ನ ಕೆಲಸ ನೋಡು ಹೋಗು," ಎಂದು ಯಜಮಾನರು ಪಟ್ಟಿ ಮಡಿಸಿ ಜೇಬಿಗಿಟ್ಟರು.

"ಆ ಮಾತು ನನ್ನ ಕಿವಿಗೂ ಬಿತ್ತು," ಎಂದಳು ಸ್ಟೋರಕ್ಕ ನನ್ನ ಹತ್ತಿರ. "ಕಿವಿಯಿಂದ ಒಳಗೆ ಇಳೀಲಿಲ್ಲ ನೋಡು. ಅವನು ವಟವಟ ಅಲ್ವಾ, ಅವನ ಮಾತನ್ನ ಯಾರು ಒಳಗೆ ಬಿಟ್ಕೊಳ್ತಾರೆ?"

ತಮ್ಮನ ಕೆಮ್ಮು ಶುರುವಾಗಿದ್ದು ಹೋದ ವರ್ಷಕ್ಕೆ ಹಿಂದಿನ ವರ್ಷ. ಮೊದಮೊದಲು ಬೆಳಿಗ್ಗೆ ಮಾತ್ರ. ಆಮೇಲೆ ಮೆಟ್ಟಿಲು ಹತ್ತುವಾಗ. ನಮ್ಮ ಮನೆಯ ಬಾಗಿಲ ಮುಂದೆ ನಿಂತು, ಚಪ್ಪಲಿ ಸರಿ ಮಾಡಿಕೊಳ್ಳುವವನ ಹಾಗೆ ಬಗ್ಗಿ ಉಸಿರು ತೆಗೆದುಕೊಳ್ಳುತ್ತಿದ್ದ. ಯಾರಾದರೂ ಕಂಡರೆ ನಾಚಿಕೆ. ಮೂವತ್ತನಾಲ್ಕು ವರ್ಷದ ಆಳು, ಒಬ್ಬನೇ ಚಪ್ಪಡಿ ತಿರುಗಿಸುತ್ತಿದ್ದವನು. ಅಂಗಿಯ ಕಾಲರಿನಲ್ಲಿ ಎರಡು ಕತ್ತು ಹಿಡಿಯುವಷ್ಟು ಸೊರಗಿದ. ಹೆಂಡತಿ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು, ಅಕ್ಕನೂ ಹೋದಳು.

ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಎರಡು ಪುಪ್ಪುಸದಲ್ಲೂ ಬಿಳಿ ಚುಕ್ಕಿ, ಅಕ್ಕಿ ಎರಚಿದ ಹಾಗೆ. ಕಲ್ಲಿನ ಧೂಳು ಹೋಗಿ ಕೂತಿದೆ, ಕೂತಲ್ಲಿ ಗಾಯ ಮಾಡಿದೆ, ಗಾಯ ಗಟ್ಟಿಯಾಗಿದೆ ಎಂದರು. ಹೊರಗೆ ತೆಗೆಯುವ ಔಷಧ ಇಲ್ಲ. ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಕೆಲವರಿಗೆ ಧೂಳು ಬಿಟ್ಟ ಮೇಲೂ ಹೆಚ್ಚಾಗುತ್ತದೆ.

"ಮಾಸ್ಕ್ ಹಾಕ್ತಿರ್ಲಿಲ್ವಾ?"

ತಮ್ಮ ಆ ಸ್ಥಿತಿಯಲ್ಲೂ ಬೆನ್ನು ನೆಟ್ಟಗೆ ಮಾಡಿದ. "ಒಂದು ದಿನಾನೂ ಬಿಟ್ಟಿಲ್ಲ ಡಾಕ್ಟ್ರೇ. ಅದೂ ನಂಬರ್ ಒನ್. ನಮ್ಮಕ್ಕ ನನಗೆ ಬೇರೆ ಮುಟ್ಟೋಕೂ ಬಿಡ್ತಿರ್ಲಿಲ್ಲ."

ಡಾಕ್ಟರು ಅಕ್ಕನ ಕಡೆ ತಿರುಗಿ ಏನೋ ಹೇಳಹೊರಟವರು ಹೇಳದೆ, ಕಾಗದದ ಮೇಲೆ ಬರೆದುಕೊಂಡರು. ಅವಳು ಅದನ್ನು ಮೆಚ್ಚುಗೆ ಎಂದುಕೊಂಡಳು.

ಡಾಕ್ಟರು ಬರೆದ ವರದಿಯ ಮೇಲೆ ಹದಿನೈದು ದಿನಕ್ಕೆ ಕಾರ್ಖಾನೆಗೆ ತಪಾಸಣೆಯ ಅಧಿಕಾರಿ ಬಂದಳು. ಚಿಕ್ಕ ವಯಸ್ಸಿನ ಹೆಂಗಸು, ಕೈಯಲ್ಲೊಂದು ಪೆಟ್ಟಿಗೆ. ಮಷೀನುಗಳನ್ನೆಲ್ಲ ನಿಲ್ಲಿಸಿ, ಮನೆಯಲ್ಲಿ ಮಲಗಿದ್ದ ತಮ್ಮನನ್ನು ಬಿಟ್ಟು ಉಳಿದ ಹತ್ತು ಜನರನ್ನೂ ಅಂಗಳದಲ್ಲಿ ಕೂರಿಸಿದಳು. ಸ್ಟೋರಿನಿಂದ ಮೂರು ಥರದ ಮಾಸ್ಕ್ ತರಿಸಿ ಚಪ್ಪಡಿಯ ಮೇಲೆ ಸಾಲಾಗಿ ಇಟ್ಟಳು.

"ಇದರಲ್ಲಿ ಯಾವುದು ಒಳ್ಳೇದು, ಹೇಳಿ ನೋಡೋಣ?"

ಹತ್ತು ಕೈಯೂ ಒಂದನೇ ನಂಬರಿನ ಕಡೆ ಹೋಯಿತು. ಕಸದ ಮುದುಕಿಯ ಕೈ ಎಲ್ಲರಿಗಿಂತ ಮುಂದೆ.

ಅಧಿಕಾರಿ ನಗಲಿಲ್ಲ. ನಿಧಾನವಾಗಿ ಹೇಳಿದಳು. "ನೂರು ಕಣ ಧೂಳು ಒಳಗೆ ಬರೋಕೆ ನೋಡ್ತಿದೆ ಅಂತ ಇಟ್ಕೊಳ್ಳಿ. ಒಂದನೇ ನಂಬರಿನ ಬಟ್ಟೆ ಎಂಬತ್ತನ್ನ ತಡೆಯುತ್ತೆ, ಇಪ್ಪತ್ತು ಒಳಗೆ ಹೋಗುತ್ತೆ. ಎರಡನೇದು ತೊಂಬತ್ತನಾಲ್ಕು ತಡೆಯುತ್ತೆ. ಮೂರನೇದು ತೊಂಬತ್ತೊಂಬತ್ತು. ನಂಬರು ಮೇಲೆ ಹೋದಷ್ಟೂ ರಕ್ಷಣೆ ಜಾಸ್ತಿ. ಒಂದನೇದು ಮರದ ಪುಡಿಗೋ, ಸಾಧಾರಣ ಕಸ ಗುಡಿಸೋಕೋ ಆಗುತ್ತೆ. ಈ ಕಲ್ಲಿನ ಧೂಳಿಗೆ ಮೂರೇ ಬೇಕು. ಅದೂ ಕೊನೇ ಉಪಾಯ. ಮೊದಲು ನೀರು, ಆಮೇಲೆ ಧೂಳು ಎಳ್ಕೊಳ್ಳೋ ಯಂತ್ರ, ಅದೆಲ್ಲ ಆದ್ಮೇಲೆ ಮಾಸ್ಕು."

"ಅಲ್ಲ ಮೇಡಂ," ಎಂದ ವಟವಟ, "ಮೂರನೇದರಲ್ಲಿ ಉಸಿರೇ ಆಡಲ್ವಲ್ಲ?"

"ನಿಮ್ಮ ಉಸಿರಿಗೇ ಅಷ್ಟು ಕಷ್ಟ ಆದ್ರೆ, ಧೂಳಿಗೆ ಎಷ್ಟು ಕಷ್ಟ ಆಗ್ಬೇಡ?"

ಆಮೇಲೆ ಮುಖಕ್ಕೆ ಕೂರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದಳು. ಮಾಸ್ಕ್ ಹಾಕಿದವರ ತಲೆಗೆ ಪಾರದರ್ಶಕ ಚೀಲದಂಥದ್ದನ್ನು ಇಳಿಸಿ, ಅದರೊಳಗೆ ಕಹಿ ದ್ರವವನ್ನು ಸಿಂಪಡಿಸುವುದು. ಸಂದಿಯಿದ್ದರೆ ನಾಲಿಗೆಗೆ ಕಹಿ ಗೊತ್ತಾಗುತ್ತದೆ. ಮುದುಕಿಗೆ ಮೂರನೆಯದು ಹಾಕಿಸಿ, ಎರಡೂ ಪಟ್ಟಿ ತಲೆಯ ಹಿಂದೆ ಸರಿಯಾಗಿ ಕೂರಿಸಿ, ಮೂಗಿನ ಮೇಲಿನ ತಗಡನ್ನು ಒತ್ತಿ, ನಾಲ್ಕು ಸಲ ಸಿಂಪಡಿಸಿದರೂ ಅವಳು, "ಏನೂ ಇಲ್ಲವ್ವ, ನೀರಾ ಅದು?" ಎಂದಳು. ಗಡ್ಡ ಬಿಟ್ಟಿದ್ದ ಹಮಾಲಿಯೊಬ್ಬ ಮೊದಲ ಸಲಕ್ಕೇ ಥೂ ಎಂದು ಚೀಲ ಕಿತ್ತು ಓಡಿದ. ಎಲ್ಲರೂ ನಕ್ಕರು. ಗಡ್ಡದ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಮಾಸ್ಕ್ ಹಾಕುವವರು ಗಡ್ಡ ತೆಗೆಯಬೇಕು. ಒಂದು ಪಟ್ಟಿ ಮಾತ್ರ ಹಾಕಿ ಇನ್ನೊಂದನ್ನು ಜೋತು ಬಿಡಬಾರದು. ತೊಳೆದು ಒಣಗಿಸಿ ಮತ್ತೆ ಹಾಕಬಾರದು ಎಂದು ಅಧಿಕಾರಿ ಹೇಳುತ್ತಲೇ ಇದ್ದಳು.

ಸ್ಟೋರಕ್ಕನಿಗೆ ಅದಾವುದೂ ಕೇಳಿಸಲಿಲ್ಲ. ಅವಳು ಆರು ವರ್ಷದ ಬೆಳಗುಗಳನ್ನು ಎಣಿಸುತ್ತಿದ್ದಳು. ಒಂದೊಂದು ಬೆಳಗೂ ಡಬ್ಬಿಯ ತಳದಿಂದ ಹೊಸದನ್ನು ಆರಿಸಿ, ಪಟ್ಟಿ ಎಳೆದು ನೋಡಿ, ಕಿಟಕಿಯಿಂದಾಚೆ ಚಾಚಿದ್ದ ಕೈ ಅವಳದೇ. ತಮ್ಮ ಒಂದು ದಿನ, "ಅಕ್ಕಾ, ಇವತ್ತು ಬೇರೆ ಕೊಡು, ಇದರೊಳಗೆಲ್ಲ ಬಿಳಿ ಮೆತ್ಕೊಳ್ಳುತ್ತೆ," ಎಂದಿದ್ದ. "ತಲೆಹರಟೆ ಮಾಡ್ಬೇಡ, ನಿನಗಂತಲೇ ತೆಗೆದಿಟ್ಟಿದ್ದೀನಿ," ಎಂದು ಗದರಿದ್ದಳು.

"ಯಾರಿಗೆ ಯಾವುದು ಕೊಡ್ಬೇಕು ಅಂತ ತೀರ್ಮಾನ ಮಾಡಿದ್ದು ಯಾರು?" ಎಂದು ಅಧಿಕಾರಿ ಕೊನೆಗೆ ಕೇಳಿದಳು. ಇದರ ವಿಚಾರಣೆ ಮುಂದಿನ ವಾರ ಕಚೇರಿಯಲ್ಲಿ ನಡೆಯುತ್ತದೆ, ಆ ತೀರ್ಪಿನ ಮೇಲೆ ರೋಗಿಗೆ ಬದುಕಿರುವವರೆಗೆ ಪರಿಹಾರ, ಆಸ್ಪತ್ರೆ ಖರ್ಚು ನಿಂತಿದೆ ಎಂದು ಹೇಳಿ ಅವಳು ಹೋದಳು.

ಆ ಸಂಜೆಯೇ ಯಜಮಾನರು ಸ್ಟೋರಿಗೆ ಬಂದರು. ಬೈಯಲಿಲ್ಲ. ಸ್ಟೂಲೆಳೆದು ಎದುರಿಗೆ ಕೂತರು.

"ಒಂದನೇ ನಂಬರೇ ತರಿಸಿ ಅಂತ ಕೇಳಿದ್ದು ನೀನೇ ತಾನೆ?"

"ಹೌದು."

"ಅಷ್ಟನ್ನೇ ಹೇಳು. ನಾನೇನು ಸುಳ್ಳು ಹೇಳು ಅಂತಿದ್ದೀನಾ? ನೀನು ದೇವರು ದಿಂಡರು ಅನ್ನೋಳು. ನಡೆದದ್ದನ್ನ ನಡೆದ ಹಾಗೆ ಹೇಳ್ಬಿಡು."

"ನಿಮಗೆ ಗೊತ್ತಿತ್ತಲ್ವಾ ಯಜಮಾನ್ರೇ? ಪಟ್ಟಿ ನೋಡಿ ನಕ್ರಲ್ಲ."

"ನಗೋದಕ್ಕೂ ಕಾನೂನಿದೆಯಾ?" ಎಂದು ಅವರು ಎದ್ದರು.

ತಮ್ಮನ ಮನೆಗೆ ಹೋದರೆ ಅವನು ಬೇರೆಯೇ ಹಟ ಹಿಡಿದಿದ್ದ. ಅಧಿಕಾರಿ ಬಂದು ಹೇಳಿದ್ದೆಲ್ಲ ಅವನ ಕಿವಿಗೂ ಬಿದ್ದಿತ್ತು. "ನೋಡಿದ್ಯಾ ಅಕ್ಕಾ, ಆ ಬಡ್ಡೀಮಗ ಬೇಕಂತಲೇ ಕಳಪೆ ತಂದು ನಮಗೆ ಹಾಕ್ಸಿದ. ನಿನ್ನ ಕೈಯಿಂದ್ಲೇ ಹಾಕ್ಸಿದ. ಅಲ್ಲಿ ಹೋಗಿ ಹೇಳು, 'ಕತ್ತರಿಸೋರಿಗೆ ಇದನ್ನೇ ಕೊಡು ಅಂತ ಯಜಮಾನ್ರೇ ಹೇಳಿದ್ರು' ಅಂತ. ಇನ್ನೇನೂ ಹೇಳ್ಬೇಡ."

ನಡುವೆ ಮೂರು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡು ಅಷ್ಟು ಹೇಳಿದ. ಒಂದನೇದನ್ನೇ ಕೇಳಿ ತರಿಸಿದ್ದು ನಾನೇ ಕಣೋ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನಿಗೆ ಕೆಮ್ಮು ಹತ್ತಿತು. ತಮ್ಮನ ಹೆಂಡತಿ ಬೆನ್ನು ನೀವುತ್ತ, "ಅತ್ತಿಗೆ, ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ ನಮ್ಮ ಬದುಕು," ಎಂದಳು. ಸ್ಟೋರಕ್ಕ ತೆರೆದ ಬಾಯಿ ಮುಚ್ಚಿದಳು.

ಆ ವಾರ ಅವಳು ದಿನಾ ನನ್ನ ಅಡುಗೆಮನೆಗೆ ಬಂದಳು. "ಒಂದು ಸುಳ್ಳಿಗೆ ಅಪ್ಪಣೆ ಕೊಡು ಅಂತ ದೇವರ ಮುಂದೆ ಕೂತೆ," ಎಂದಳು. "ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ." ಸುಳ್ಳು ಹೇಳು ಎನ್ನಲು ನನ್ನ ನಾಲಿಗೆ ಬಾರದು, ನಿಜ ಹೇಳು ಎನ್ನಲು ಮೇಲಿನ ಮನೆಯ ಕೆಮ್ಮು ಬಿಡದು.

ಕೊನೆಗೆ ಅವಳಿಗೇ ದಾರಿಯೊಂದು ಕಂಡಿತು. ಅರ್ಧ ನಿಜ ಹೇಳಿದರೆ ಯಜಮಾನರು ಬಚಾವಾಗುತ್ತಾರೆ. ಪೂರ್ತಿ ಹೇಳಿದರೆ? ತಾನು ಕೇಳಿದ್ದು, ಅವರು ಪಟ್ಟಿ ಓದಿದ್ದು, ನಕ್ಕಿದ್ದು, ಮೂರನೆಯದಕ್ಕೆ ಬೆಲೆ ಯಾಕೆ ಹೆಚ್ಚು ಎಂದರೆ ಬಟ್ಟೆ ದಪ್ಪ ಎಂದು ಮುಚ್ಚಿಹಾಕಿದ್ದು? ಗೊತ್ತಿದ್ದೂ ಸುಮ್ಮನಿದ್ದವರ ತಪ್ಪು ಗೊತ್ತಿಲ್ಲದೆ ಕೇಳಿದವಳ ತಪ್ಪಿಗಿಂತ ದೊಡ್ಡದಲ್ಲವೆ? ಅದಕ್ಕೆ ಸಾಕ್ಷಿ ಬೇಕು, ಸಾಕ್ಷಿ ಇದೆ. ಅವಳು ಪಾಲಿಶ್ ಮಷೀನಿನ ಹತ್ತಿರ ಹೋದಳು, ತಾನಾಗಿ ಹೋದದ್ದು ಅದೇ ಮೊದಲು.

ವಟವಟ ಪೂರ್ತಿ ಕೇಳಿಕೊಂಡ. ಅಧಿಕಾರಿ ಎಲ್ಲರಿಗೂ ತೆಗೆಸಿದ್ದ ಎಕ್ಸ್-ರೇಯಲ್ಲಿ ಅವನದು ಆ ವಾರವೇ ಬಂದಿತ್ತು. ಕನ್ನಡಿಯ ಹಾಗಿದೆ ಎಂದಿದ್ದರು ಡಾಕ್ಟರು. "ಹೇಳ್ತೀನಿ ಅಕ್ಕ," ಎಂದ. "ನನಗೆ ಚೆನ್ನಾಗಿ ನೆನಪಿದೆ. ಅಲ್ಲ, ನನ್ನ ಬಾಯಿ ಮುಚ್ಚಿಸೋ ಗಂಡು ಎಲ್ಲಿ ಹುಟ್ಟಿದಾನೆ? ನಿನ್ನ ಸಿಟ್ಟು ನನ್ನ ಜೀವ ಉಳಿಸ್ತು ನೋಡು. ಬೇಡ ಅಂದಿದ್ದನ್ನ ಹಟಕ್ಕೆ ಕೊಟ್ಟೆ, ಅದೇ ಅಮೃತ ಆಯ್ತು."

ಆ ಹೊಗಳಿಕೆಗೆ ಬೆನ್ನು ತಿರುಗಿಸಿ ಅವಳು ಸ್ಟೋರಿಗೆ ನಡೆದಳು. ಸಾಕ್ಷಿ ಸಿಕ್ಕಿತಲ್ಲ ಎಂದು ಸಮಾಧಾನ ತಂದುಕೊಂಡಳು.

ಕಚೇರಿಯ ಕೋಣೆಯಲ್ಲಿ ಉದ್ದ ಮೇಜು. ಒಂದು ಕಡೆ ಯಜಮಾನರು, ಒಂದು ಕಡೆ ಹೆಂಡತಿಯ ಭುಜಕ್ಕೆ ಒರಗಿ ತಮ್ಮ. ಗೋಡೆಯ ಹತ್ತಿರದ ಬೆಂಚಿನಲ್ಲಿ ವಟವಟ. ಅದೇ ಅಧಿಕಾರಿ ಕೇಳಿದಳು: "ಕತ್ತರಿಸೋರಿಗೆ ಒಂದನೇ ನಂಬರ್ ಕೊಡಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ ಮೇಡಂ. ನಾನೇ ಕೇಳಿ ತರಿಸಿಕೊಂಡೆ. ನಮ್ಮಲ್ಲಿ ಒಂದು ಅಂದ್ರೆ ಒಳ್ಳೇದು. ಕಲ್ಲಿಗೆ ಹಾಗೇ ಬರೀತೀವಿ."

ತಮ್ಮ ತಲೆಯೆತ್ತಿದ. ಅವಳು ಆ ಕಡೆ ನೋಡಲಿಲ್ಲ. ನಿಲ್ಲಿಸಿದರೆ ಕೆಟ್ಟೆ ಎಂದು ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿದಳು: ಪಟ್ಟಿ, ನಗು, ವಟವಟನ ಪ್ರಶ್ನೆ, ಯಜಮಾನರ ಉತ್ತರ.

"ನನಗೆ ಅಂಥದ್ದು ನೆನಪಿಲ್ಲ," ಎಂದರು ಯಜಮಾನರು, ಮೆತ್ತಗೆ.

ಅಧಿಕಾರಿ ಬೆಂಚಿನ ಕಡೆ ತಿರುಗಿದಳು. "ನೀವು ಅಲ್ಲಿದ್ರಾ?"

ವಟವಟ ಎದ್ದು ನಿಂತ. ಯಜಮಾನರು ಅವನನ್ನು ನೋಡಲೂ ಇಲ್ಲ. ಮೇಜಿನ ಮೇಲಿದ್ದ ಕನ್ನಡಕವನ್ನು ತೆಗೆದು ಒರೆಸುತ್ತಿದ್ದರು. ವಟವಟ ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು ತಿರುಗಿಸಿದ.

"ಎಷ್ಟೋ ಸಲ ಕಿಟಕಿ ಹತ್ರ ನಿಂತಿರ್ತೀನಿ ಮೇಡಂ. ಏನೇನೋ ಮಾತಾಡ್ತೀನಿ. ಯಾವುದು ಅಂತ ಜ್ಞಾಪಕ ಇಟ್ಕೊಳ್ಳಲಿ?"

"ಇದು ನೆನಪಿದೆಯೋ ಇಲ್ವೋ?"

"ಇಲ್ಲ."

ಅವನ ಜೀವಮಾನದಲ್ಲಿ ಅವನು ಆಡಿದ ಅತ್ಯಂತ ಚಿಕ್ಕ ಮಾತು ಅದೇ ಇರಬೇಕು. ಆಡಿ ಕೂತ.

ತೀರ್ಪಿನ ಕಾಗದ ತಿಂಗಳಿಗೆ ಬಂತು. ನಾನೇ ಓದಿ ಹೇಳಿದೆ. ಒಣದಾಗಿ ಕತ್ತರಿಸಿದ್ದಕ್ಕೆ, ಕೆಲಸಗಾರರಿಗೆ ತಿಳಿವಳಿಕೆ ಕೊಡದೆ ಇದ್ದದ್ದಕ್ಕೆ ಯಜಮಾನರಿಗೆ ಎಚ್ಚರಿಕೆ, ಸರಿಪಡಿಸಲು ಆರು ತಿಂಗಳ ಗಡುವು. ಹೆಚ್ಚಿನ ರಕ್ಷಣೆಯ ಮಾಸ್ಕ್ ಸ್ಟೋರಿನಲ್ಲೇ ಇದ್ದೂ, ರೋಗಿಯ ಸ್ವಂತ ಸಹೋದರಿಯ ಕೋರಿಕೆಯ ಮೇಲೆಯೇ ಕಡಿಮೆಯದನ್ನು ಕೊಡಲಾಗಿದ್ದರಿಂದ ಪರಿಹಾರ ಮೂರರಲ್ಲಿ ಒಂದು ಪಾಲು. ಆ ಕೋರಿಕೆಯ ಮಾತಿಗೆ ಆಧಾರ ಅವಳ ಹೇಳಿಕೆ, ಉಳಿದದ್ದಕ್ಕೆ ಸಾಕ್ಷಿಯಿಲ್ಲ.

ಯಜಮಾನರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. "ಸತ್ಯವಂತೆ," ಎಂದು ಬಂದವರಿಗೆಲ್ಲ ಪರಿಚಯಿಸುತ್ತಾರಂತೆ. ಈಗ ಎಲ್ಲರಿಗೂ ಮೂರನೇ ನಂಬರೇ. ವಟವಟ ಕಿಟಕಿಗೆ ಬಂದು, ತಲೆ ತಗ್ಗಿಸಿ, ತೆಗೆದುಕೊಂಡು ಹೋಗುತ್ತಾನೆ. ಒಂದು ಸಲ ಮಾತ್ರ, "ಎರಡು ಹೆಣ್ಣುಮಕ್ಕಳಿದಾರೆ ಅಕ್ಕ ನನಗೆ," ಎಂದನಂತೆ. ಅವಳು ಕಿಟಕಿಯ ಪಟ್ಟಿಯ ಮೇಲಿನ ಧೂಳು ಒರೆಸುತ್ತ, "ಮುಂದಿನೋರು ಬನ್ನಿ," ಎಂದಳು.

ತಮ್ಮನ ಜೊತೆ ಮಾತಾದದ್ದು ಕಚೇರಿಯಿಂದ ಬಂದ ದಿನವೇ. ಅವನು ಕೂಗಾಡಲಿಲ್ಲ, ಕೂಗಾಡುವಷ್ಟು ಗಾಳಿ ಇರಲಿಲ್ಲ. ದಿಂಬಿಗೆ ಒರಗಿ ಕೂತು ಹೇಳಿದ:

"ತಿಳೀದೆ ಕೊಟ್ಯಲ್ಲ, ಅದಕ್ಕೆ ನನಗೇನೂ ಇಲ್ಲ ಅಕ್ಕಾ. ಒಳ್ಳೇದು ಅಂತಲೇ ಕೊಟ್ಟೆ. ಅದು ನನ್ನ ಹಣೆಬರಹ." ಉಸಿರು ತೆಗೆದುಕೊಂಡ. "ಇವತ್ತು ಅಲ್ಲಿ ತಿಳಿದೂ ತಿಳಿದೂ ಹೇಳಿದ್ಯಲ್ಲ. ಅದನ್ನ ಹೇಗೆ ನುಂಗ್ಲಿ ಹೇಳು?"

"ಪೂರ್ತಿ ಹೇಳಿದ್ರೆ ಅವ್ರು ಸಿಕ್ಕಿಬೀಳ್ತಾರೆ ಅಂತ..."

"ಯಾರನ್ನ ನಂಬಿ? ವಟವಟನ್ನ? ಹೀಗೆ ಹೇಳ್ತೀನಿ ಅಂತ ನನ್ನನ್ನ ಒಂದು ಮಾತು ಕೇಳಿದ್ಯಾ? ನನ್ನ ಉಸಿರಿನ ವಿಷಯ ಅದು. ನಾಳೆಯಿಂದ ಬರ್ಬೇಡ."

ಸತ್ಯ ಹೇಳಿದವರನ್ನು ದೇವರು ಕೈಬಿಡುವುದಿಲ್ಲ ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಅವಳಿಗೂ ಹೇಳಲು ಹೋದೆ. ಅದು ನಿಜವೇ ಇರಬಹುದು. ದೇವರ ಲೆಕ್ಕ ನಮ್ಮ ಕಣ್ಣಳತೆಗೆ ಸಿಗುವಂಥದ್ದಲ್ಲ. ಆದರೆ ಅವಳ ಮುಖ ನೋಡಿಕೊಂಡು ಆ ಮಾತು ಆಡುವುದು ನನ್ನಿಂದಾಗಲಿಲ್ಲ. ಹಾಲು ಬಿಸಿ ಮಾಡಿ ಕೊಟ್ಟೆ.

ಬರಬೇಡ ಎಂದರೂ ಅವಳು ದಿನಾ ಬರುತ್ತಾಳೆ. ಕೆಲಸ ಮುಗಿಸಿ, ಅವನಿಗೆ ಇಷ್ಟವಾದದ್ದನ್ನು ಮಾಡಿ ಡಬ್ಬಿಗೆ ತುಂಬಿ, ಎರಡು ಮಹಡಿ ಹತ್ತುತ್ತಾಳೆ. ತಮ್ಮನ ಹೆಂಡತಿ ಬಾಗಿಲನ್ನು ಒಂದು ಗೇಣು ತೆರೆದು ಡಬ್ಬಿ ಒಳಗೆ ತೆಗೆದುಕೊಳ್ಳುತ್ತಾಳೆ, ಹಿಂದಿನ ದಿನದ್ದನ್ನು ತೊಳೆದು ಹೊರಗೆ ಕೊಡುತ್ತಾಳೆ. ಬೈಗುಳವಿಲ್ಲ, ಬಾ ಎಂಬುದೂ ಇಲ್ಲ. ಮೊನ್ನೆ ಸ್ಟೋರಕ್ಕನ ಮೊಣಕಾಲು ನೋಯುತ್ತಿದೆ ಎಂದು ನಾನೂ ಜೊತೆಗೆ ಹತ್ತಿದೆ. ಡಬ್ಬಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಅವಳು ಇಳಿಯಲಿಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು, ದಿನಾ ಕೂರುವವಳ ಹಾಗೆ. ಒಳಗೆ ಕೆಮ್ಮು ಬಂತು, ಹೋಯಿತು. ಆಮೇಲೆ ತಮ್ಮನ ದನಿ, ತೀರ ಸಣ್ಣಗೆ.

"ಅಕ್ಕ ಬಂದಿದ್ಳಾ?"

"ಬಂದಿದ್ರು. ಹೋದ್ರು," ಎಂದಳು ಅವನ ಹೆಂಡತಿ.

ಸ್ಟೋರಕ್ಕ ನನ್ನ ಕಡೆ ನೋಡಿ, ಸದ್ದು ಮಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟಳು.